ಇಂಗ್ಲಿಷ್ ಇಡಿಯಮ್‌ಗಳು: ಅರ್ಥ ಏನು, ಎಲ್ಲಿಂದ ಬಂದವು? ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಇಡಿಯಮ್‌ಗಳ ಮಾತು ಬಂದಾಗಲೆಲ್ಲ ಒಂದಷ್ಟು ಪ್ರಶ್ನೆಗಳು ತಪ್ಪದೆ ಬರುತ್ತವೆ. ಮಾತಿನ ನಡುವೆ ಕೇಳಿದವು, ಪತ್ರದಲ್ಲಿ ಬಂದವು, ಕಾಮೆಂಟಿನಲ್ಲಿ ಜಗಳ ಎಬ್ಬಿಸಿದವು ಎಲ್ಲವನ್ನೂ ಇಲ್ಲಿ ಒಟ್ಟು ಹಾಕಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಕೊನೆಗೆ.

## ಶುರುವಿನ ಪ್ರಶ್ನೆಗಳು

ಇಡಿಯಮ್ ಅಂದ್ರೆ ನಮ್ಮ ಗಾದೆನೇ ಅಲ್ವಾ?

ಅಲ್ಲ. ಗಾದೆ ಒಂದು ಪೂರ್ತಿ ಮಾತು. ಅದರಲ್ಲಿ ಬುದ್ಧಿವಾದವೋ ಲೋಕದ ಅನುಭವವೋ ಇರುತ್ತದೆ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಗಾದೆ. ಇಡಿಯಮ್ ಅಂದರೆ ನುಡಿಗಟ್ಟು, ಅಂದರೆ ವಾಕ್ಯದೊಳಗೆ ಕೂರುವ ಒಂದು ತುಂಡು. 'ತಲೆ ತಿನ್ನು', 'ಕೈ ಕೊಡು', 'ಕಿವಿ ಕಚ್ಚು' ಇವೆಲ್ಲ ನುಡಿಗಟ್ಟುಗಳು. ಬಿಡಿ ಪದಗಳ ಅರ್ಥ ಕೂಡಿಸುತ್ತಾ ಹೋದರೆ ಒಟ್ಟು ಅರ್ಥ ಸಿಗುವುದಿಲ್ಲ. ಕಿವಿ ಕಚ್ಚಿದವನು ಬರೀ ಗುಟ್ಟು ಹೇಳಿರುತ್ತಾನೆ, ಯಾರಿಗೂ ಗಾಯ ಆಗಿರುವುದಿಲ್ಲ.

ಇಂಗ್ಲಿಷಿನಲ್ಲೂ ಹಾಗೇ. 'ಎ ಸ್ಟಿಚ್ ಇನ್ ಟೈಮ್ ಸೇವ್ಸ್ ನೈನ್' ಗಾದೆ. ಗುಟ್ಟು ಬಿಟ್ಟುಕೊಡುವುದಕ್ಕೆ ಹೇಳುವ 'ಸ್ಪಿಲ್ ದ ಬೀನ್ಸ್' ಇಡಿಯಮ್.

ಮಳೆ ಜೋರಾಗಿ ಬಂದ್ರೆ ನಾಯಿ ಬೆಕ್ಕು ಯಾಕೆ ಬೀಳುತ್ವೆ?

ಜೋರು ಮಳೆಗೆ ಇಂಗ್ಲಿಷಿನಲ್ಲಿ 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಅನ್ನುತ್ತಾರೆ, ಅದರ ಬಗೆಗಿನ ಪ್ರಶ್ನೆ ಇದು. ಇದಕ್ಕೆ ಒಂದು ಸಿದ್ಧ ಉತ್ತರ ಎಲ್ಲ ಕಡೆ ಓಡಾಡುತ್ತಿದೆ. ಹಳೆಯ ಇಂಗ್ಲೆಂಡಿನಲ್ಲಿ ಹುಲ್ಲಿನ ಚಾವಣಿ ಇತ್ತಂತೆ, ನಾಯಿ ಬೆಕ್ಕುಗಳು ಅದರ ಮೇಲೆ ಮಲಗುತ್ತಿದ್ದವಂತೆ, ಮಳೆ ಬಂದರೆ ಜಾರಿ ಬೀಳುತ್ತಿದ್ದವಂತೆ. ಇದು 1999ರಲ್ಲಿ '1500ರ ಇಸವಿಯ ಬದುಕು' ಎಂಬ ಹೆಸರಿನಲ್ಲಿ ಇಮೇಲ್‌ನಲ್ಲಿ ಹರಿದಾಡಿದ ಒಂದು ತಮಾಷೆ ಬರಹ. ಮಳೆಗಾಲದಲ್ಲಿ ಯಾವ ನಾಯಿಯಾದರೂ ಚಾವಣಿ ಏರಿ ನೆನೆಯುತ್ತಾ ಮಲಗುತ್ತದೆಯೇ? ಒಂದು ನಾಯಿ ಸಾಕಿದವರನ್ನು ಕೇಳಿದರೆ ಸಾಕು.

ಬರಹದಲ್ಲಿ ಸಿಗುವ ಸಾಕ್ಷಿ ಬೇರೆ. 1650ರ ಆಸುಪಾಸಿನಲ್ಲಿ ಹೆನ್ರಿ ವಾನ್ ಎಂಬ ಕವಿ ನಾಯಿ ಬೆಕ್ಕುಗಳ ಮಳೆಯ ಮಾತಾಡಿದ್ದಾನೆ. ಅದೇ ಹೊತ್ತಿನ ರಿಚರ್ಡ್ ಬ್ರೋಮ್‌ನ ನಾಟಕದಲ್ಲಿ ನಾಯಿಯ ಜೊತೆ ಬೀಳುವುದು ಬೆಕ್ಕಲ್ಲ, ಪೋಲ್‌ಕ್ಯಾಟ್ ಎಂಬ ಮುಂಗುಸಿಯಂಥ ಪ್ರಾಣಿ. ಈಗ ನಾವು ಬಳಸುವ ರೂಪ 1738ರಲ್ಲಿ ಜೊನಾಥನ್ ಸ್ವಿಫ್ಟ್‌ನ ಬರಹದಲ್ಲಿದೆ. ನಾರ್ಸ್ ದೇವತೆ ಓಡಿನ್‌ನ ನಾಯಿ, ಗ್ರೀಕ್ ಪದದ ಅಪಭ್ರಂಶ ಅಂತೆಲ್ಲ ಊಹೆಗಳಿವೆ. ಒಂದಕ್ಕೂ ಆಧಾರ ಇಲ್ಲ. ನನಗನ್ನಿಸುವುದು, ಇದು ಸುಮ್ನೆ ವಿಚಿತ್ರವಾಗಿರಲಿ ಅಂತ ಹುಟ್ಟಿದ ಮಾತು. ವೇಲ್ಸ್‌ನವರ ಭಾಷೆಯಲ್ಲಿ ಜೋರು ಮಳೆಗೆ ಮುದುಕಿಯರು ಮತ್ತು ಕೋಲುಗಳು ಬೀಳುತ್ತವೆ. ನಮ್ಮ ಮುಸಲಧಾರೆಯಲ್ಲಿ ಒನಕೆಗಳು. ಇನ್ನು ಆನೆಕಲ್ಲು ಮಳೆಯಲ್ಲಿ ಆನೆ ಎಲ್ಲಿ ಅಂತ ಇಂಗ್ಲಿಷಿನವರು ಕೇಳಿದರೆ ನಾವೇನು ಹೇಳೋಣ?

'ಕಿಕ್ ದ ಬಕೆಟ್' ಅಂದ್ರೆ ಸಾಯೋದು ಅಂತೆ. ಬಕೆಟ್ಟಿಗೂ ಸಾವಿಗೂ ಏನು ಸಂಬಂಧ?

ಕ್ಯಾಪ್ಟನ್ ಫ್ರಾನ್ಸಿಸ್ ಗ್ರೋಸ್ ಎಂಬಾತ 1785ರಲ್ಲಿ ಇಂಗ್ಲಿಷ್ ಬೀದಿಮಾತುಗಳ ಒಂದು ನಿಘಂಟು ತಂದ. ಕುಡುಕರು, ಕಳ್ಳರು, ಸಿಪಾಯಿಗಳು ಆಡುವ ಮಾತನ್ನೆಲ್ಲ ಸೇರಿಸಿದ. 'ಕಿಕ್ ದ ಬಕೆಟ್' ಆಗಲೇ ಅದರಲ್ಲಿದೆ, ಅರ್ಥ ಸಾಯುವುದು.

ನೇಣು ಹಾಕಿಕೊಳ್ಳುವವರು ಬಕೆಟ್ ಒದೆಯುತ್ತಿದ್ದರು ಅನ್ನುವ ವಿವರಣೆ ಜನಪ್ರಿಯ. ಇನ್ನೊಂದು ನನಗೆ ಜಾಸ್ತಿ ಒಪ್ಪುತ್ತದೆ. ಕೊಯ್ಯುವ ಹಂದಿಯನ್ನು ಹಿಂಗಾಲು ಕಟ್ಟಿ ತೂಗುಹಾಕುವ ಮರದ ತೊಲೆಗೂ ಇಂಗ್ಲೆಂಡಿನ ಕೆಲವು ಕಡೆ 'ಬಕೆಟ್' ಅನ್ನುತ್ತಿದ್ದರು. ಪ್ರಾಣ ಹೋಗುವಾಗ ಹಂದಿ ಕಾಲು ಜಾಡಿಸಿ ಆ ತೊಲೆಗೆ ಒದೆಯುತ್ತಿತ್ತು. ನಮ್ಮ 'ಗೊಟಕ್ ಅಂದ' ಎಷ್ಟು ಹಗುರದ ಮಾತೋ ಇದೂ ಅಷ್ಟೇ. ಸಾವಿನ ಮನೆಯಲ್ಲಿ, ಸಂತಾಪ ಪತ್ರದಲ್ಲಿ ಬಳಸಬೇಡಿ. ಹಾಗೇ ನಮ್ಮ 'ಬಕೆಟ್ ಹಿಡಿಯೋದು' ಬೇರೆಯದೇ ಕಸುಬು, ಅದಕ್ಕೆ ಇಂಗ್ಲಿಷಿನಲ್ಲಿ ಬಕೆಟ್ ಬೇಕಾಗಿಲ್ಲ.

ನಾಟಕದವರಿಗೆ 'ಬ್ರೇಕ್ ಎ ಲೆಗ್' ಅಂತ ಯಾಕೆ ಹಾರೈಸ್ತಾರೆ? ಅಪಶಕುನ ಅಲ್ವಾ?

ಅಪಶಕುನದ ಮಾತಾಡಿದರೆ ಕೆಟ್ಟದ್ದು ಆಗುವುದಿಲ್ಲ ಅನ್ನುವ ನಂಬಿಕೆ ಅದು. ಚೆಂದದ ಮಗುವಿನ ಕೆನ್ನೆಗೆ ನಾವು ದೃಷ್ಟಿಬೊಟ್ಟು ಇಡುವುದಿಲ್ಲವೇ? ಕತ್ತೂ ಕಾಲೂ ಮುರಿಯಲಿ ಅಂತ ಹಾರೈಸುವ ರೂಢಿ ಜರ್ಮನ್ನರಲ್ಲೂ ಇದೆ. ಲಿಂಕನ್‌ನನ್ನು 1865ರಲ್ಲಿ ಕೊಂದ ನಟ ಬೂತ್ ರಂಗದ ಮೇಲೆ ಹಾರಿ ಕಾಲು ಮುರಿದುಕೊಂಡದ್ದರಿಂದ ಈ ಮಾತು ಬಂತು ಅನ್ನುತ್ತಾರೆ. ಆದರೆ ಮಾತು ಬಳಕೆಗೆ ಬಂದದ್ದು 20ನೇ ಶತಮಾನದಲ್ಲಿ. ನಡುವಿನ ಅರ್ಧ ಶತಮಾನ ಎಲ್ಲಿ ಅಡಗಿತ್ತು?

ಇಂಟರ್‌ವ್ಯೂನಲ್ಲಿ ಜಾಸ್ತಿ ಇಡಿಯಮ್ ಬಳಸಿದ್ರೆ ಇಂಪ್ರೆಸ್ ಆಗ್ತಾರಾ?

ಆಗುವುದಿಲ್ಲ. ಬಾಯಿಪಾಠ ಮಾಡಿ ತಂದದ್ದು ಅಂತ ಎದುರು ಕೂತವರಿಗೆ ಕೂಡಲೇ ಗೊತ್ತಾಗುತ್ತದೆ. 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಈಗ ಇಂಗ್ಲೆಂಡಿನವರ ಬಾಯಲ್ಲಿ ಅಷ್ಟಾಗಿ ಬರುವುದಿಲ್ಲ, ಪಠ್ಯಪುಸ್ತಕದಲ್ಲೇ ಜಾಸ್ತಿ. ಕೇಳಿ ಅರ್ಥ ಮಾಡಿಕೊಳ್ಳುವುದಕ್ಕೆ ನೂರು ಗೊತ್ತಿರಲಿ, ಆಡುವುದಕ್ಕೆ ನಿಮ್ಮ ಬಾಯಿಗೆ ಒಗ್ಗಿದ ನಾಲ್ಕು ಸಾಕು.

## ಈ ಕಥೆ ನಿಜವಾ?

'ಬೈಟ್ ದ ಬುಲೆಟ್' 1857ರ ದಂಗೆಯಿಂದ ಬಂದದ್ದು ಅಂತ ಓದಿದೆ. ಹೌದಾ?

ಇಲ್ಲ, ಆದರೆ ತಪ್ಪು ಎಲ್ಲಿ ಆಯಿತು ಅಂತ ನೋಡುವುದು ಮಜವಾಗಿದೆ. ಎನ್‌ಫೀಲ್ಡ್ ಬಂದೂಕಿನ ಮದ್ದು ಮತ್ತು ಗುಂಡು ಕಾಗದದ ಸುರುಳಿಯಲ್ಲಿ ಇರುತ್ತಿದ್ದವು. ಸಿಪಾಯಿ ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಅದಕ್ಕೆ ಹಸು, ಹಂದಿಯ ಕೊಬ್ಬು ಸವರಿದ್ದಾರೆ ಎಂಬ ಸುದ್ದಿಯೇ ಕಿಡಿ ಹೊತ್ತಿಸಿತು. ಅಲ್ಲಿ ಕಚ್ಚುತ್ತಿದ್ದದ್ದು ಕಾಗದವನ್ನು, ಗುಂಡನ್ನಲ್ಲ. ಇಡಿಯಮ್‌ನ ಅರ್ಥ ನೋವನ್ನೋ ಕಹಿ ಕೆಲಸವನ್ನೋ ಹಲ್ಲು ಕಚ್ಚಿ ಸಹಿಸುವುದು. ಎರಡೂ ಹೊಂದುವುದಿಲ್ಲ.

ಮೇಲೆ ಹೇಳಿದ ಗ್ರೋಸ್‌ನ ನಿಘಂಟಿನ 1796ರ ಮುದ್ರಣದಲ್ಲಿ ಸುಳಿವಿದೆ. ಚಾಟಿ ಏಟು ತಿನ್ನುವಾಗ ಕೂಗಿಕೊಳ್ಳುವ ಸಿಪಾಯಿಯನ್ನು 'ನೈಟಿಂಗೇಲ್' ಅಂತ ಆಡಿಕೊಳ್ಳುತ್ತಿದ್ದರಂತೆ. ಕೆಲವು ಪಡೆಗಳಲ್ಲಿ ಕೂಗದೆ ಇರುವುದೇ ಗತ್ತು, ಅದಕ್ಕಾಗಿ ಬಾಯಲ್ಲಿ ಸೀಸದ ಗುಂಡು ಇಟ್ಟು ಅಗಿಯುತ್ತಿದ್ದರು. ಈಗಿನ ಅರ್ಥದಲ್ಲಿ ಈ ಮಾತನ್ನು ಮುಂಬೈಯಲ್ಲಿ ಹುಟ್ಟಿದ ರಡ್ಯಾರ್ಡ್ ಕಿಪ್ಲಿಂಗ್ 1891ರ ಒಂದು ಕಾದಂಬರಿಯಲ್ಲಿ ಬಳಸಿದ್ದಾನೆ. ಭಾರತದ ನಂಟು ಬೇಕೇ ಬೇಕು ಅಂದರೆ ಅಷ್ಟು ಸಿಗುತ್ತದೆ.

'ಬಟರ್ ಅಪ್' ಭಾರತದ ದೇವಸ್ಥಾನದಿಂದ ಬಂತಂತೆ?

ಹಿಂದಿನ ಕಾಲದಲ್ಲಿ ಭಾರತೀಯರು ವರ ಬೇಡುತ್ತಾ ದೇವರ ವಿಗ್ರಹಕ್ಕೆ ಬೆಣ್ಣೆ ಉಂಡೆ ಎಸೆಯುತ್ತಿದ್ದರು ಅಂತ ಹಲವು ಇಂಗ್ಲಿಷ್ ಪಟ್ಟಿಗಳಲ್ಲಿ ಇದೆ. ಬರೆದವರು ನಮ್ಮ ಯಾವ ಗುಡಿಯೊಳಗೂ ಕಾಲಿಟ್ಟಿಲ್ಲ ಅನ್ನಿಸುತ್ತದೆ. ಆಂಜನೇಯನಿಗೆ ಬೆಣ್ಣೆ ಅಲಂಕಾರ ಮಾಡುತ್ತೇವೆ, ಕೃಷ್ಣನಿಗೆ ಬೆಣ್ಣೆ ನೈವೇದ್ಯ ಮಾಡುತ್ತೇವೆ. ಎಸೆದರೆ ಅರ್ಚಕರು ಬಾಗಿಲಿಂದಾಚೆ ಕಳಿಸುತ್ತಾರೆ. ಹೊಗಳಿ ಉಬ್ಬಿಸುವುದಕ್ಕೆ 'ಬಟರ್' ಅನ್ನುವುದು ಇಂಗ್ಲಿಷಿನಲ್ಲಿ 1700ರ ಹೊತ್ತಿಗೇ ಇತ್ತು. ಬ್ರೆಡ್ಡಿಗೆ ಬೆಣ್ಣೆ ಸವರುವ ದೇಶದಲ್ಲಿ ಆ ಮಾತು ಹುಟ್ಟಲು ಬೇರೆ ಕಾರಣ ಬೇಕಿಲ್ಲ. ನಮ್ಮ 'ಬೆಣ್ಣೆ ಹಚ್ಚು' ಇರುವುದರಿಂದ ಈ ಕಥೆ ನಮಗೆ ಬೇಗ ಹಿಡಿಸುತ್ತದೆ, ಅಷ್ಟೇ.

ಬಿಳಿಯಾನೆ ಅಂದ್ರೆ ದಂಡದ ಖರ್ಚು ಅಂತ ಯಾಕೆ? ನಮಗೆ ಅದು ಪೂಜ್ಯ ಅಲ್ವಾ?

ನಮಗಷ್ಟೇ ಅಲ್ಲ, ಸಯಾಮ್ (ಈಗಿನ ಥಾಯ್ಲೆಂಡ್) ಮತ್ತು ಬರ್ಮಾದವರಿಗೂ ಪೂಜ್ಯ. ಅಲ್ಲಿ ಬಿಳಿಯಾನೆ ರಾಜನ ಸೊತ್ತು. ಅದರಿಂದ ಕೆಲಸ ಮಾಡಿಸುವಂತಿಲ್ಲ, ಸಾಕುವ ಖರ್ಚು ಮಾತ್ರ ವಿಪರೀತ. ಇಲ್ಲಿಯವರೆಗೆ ಸರಿ. ಸಯಾಮಿನ ರಾಜ ತನಗಾಗದ ಅಧಿಕಾರಿಗೆ ಬಿಳಿಯಾನೆ ಉಡುಗೊರೆ ಕೊಟ್ಟು ದಿವಾಳಿ ಎಬ್ಬಿಸುತ್ತಿದ್ದ ಅನ್ನುವುದು ಯುರೋಪಿಯನ್ನರು ಹಬ್ಬಿಸಿದ ಕಥೆ. ಅಷ್ಟು ಪವಿತ್ರವಾದದ್ದನ್ನು ರಾಜ ಕಂಡವರಿಗೆ ದಾನ ಮಾಡುತ್ತಾನೆಯೇ?

ಇದರ ಜೊತೆ ಒಂದು ನಿಜವಾದ ಬಿಳಿಯಾನೆ ಪ್ರಸಂಗ ಇದೆ. ಅಮೆರಿಕದ ಸರ್ಕಸ್ ಮಾಲೀಕ ಪಿ. ಟಿ. ಬಾರ್ನಮ್ ಬರ್ಮಾದಿಂದ ಒಂದು ಬಿಳಿಯಾನೆ ತರಿಸಿದ. 1884ರಲ್ಲಿ ಅದು ನ್ಯೂಯಾರ್ಕ್ ಸೇರಿತು. ನೋಡಿದರೆ ಬೂದು ಬಣ್ಣದ ಮೇಲೆ ಅಲ್ಲಲ್ಲಿ ಗುಲಾಬಿ ಮಚ್ಚೆ! ಹಾಲಿನಂಥ ಆನೆ ನಿರೀಕ್ಷಿಸಿದ ಜನಕ್ಕೆ ನಿರಾಸೆ. ಪೈಪೋಟಿಯ ಸರ್ಕಸ್ಸಿನವನು ಏನು ಮಾಡಿದ ಗೊತ್ತಾ? ಮಾಮೂಲಿ ಆನೆಗೆ ಬಿಳಿ ಬಣ್ಣ ಬಳಿದು ನಿಲ್ಲಿಸಿದ.

ನಮ್ಮ ಪತ್ರಿಕೆಗಳು 'ಬಿಳಿಯಾನೆ ಯೋಜನೆ' ಅಂತ ಬರೆಯುವಾಗ ಆ ಅರ್ಥ ಬಂದಿರುವುದು ಇಂಗ್ಲಿಷಿನಿಂದ. ನಮ್ಮ ಸ್ವಂತ ಬಿಳಿಯಾನೆ ಐರಾವತ, ಇಂದ್ರನ ವಾಹನ. ಕೆಎಸ್‌ಆರ್‌ಟಿಸಿಯವರು ಬಿಳಿ ವೋಲ್ವೋ ಬಸ್ಸಿಗೆ ಅದೇ ಹೆಸರಿಟ್ಟಾಗ ಇಂಗ್ಲಿಷ್ ಅರ್ಥ ಯಾರ ತಲೆಗೂ ಬಂದಿರಲಿಕ್ಕಿಲ್ಲ.

'ಮ್ಯಾಡ್ ಆಸ್ ಎ ಹ್ಯಾಟರ್' ಆಲಿಸ್ ಕಥೆಯಿಂದ ಬಂತಲ್ವಾ?

ಹ್ಯಾಟರ್ ಅಂದರೆ ಟೋಪಿ ಮಾಡುವವನು, ಅವನಂಥ ಹುಚ್ಚ ಅಂತ ಮಾತಿನ ಅರ್ಥ. ಅವನು ಪಾತ್ರವಾಗಿ ಬರುವ 'ಆಲಿಸ್ ಇನ್ ವಂಡರ್‌ಲ್ಯಾಂಡ್' ಎಂಬ ಮಕ್ಕಳ ಕಥೆ ಬಂದದ್ದು 1865ರಲ್ಲಿ. ಈ ಮಾತು 1829ರ ಪತ್ರಿಕೆಯೊಂದರಲ್ಲೇ ಇದೆ. ಲೂಯಿಸ್ ಕ್ಯಾರಲ್ ಇದ್ದ ಮಾತನ್ನೇ ಪಾತ್ರ ಮಾಡಿದ. ಆ ಪುಸ್ತಕದಲ್ಲಿ ಅವನನ್ನು ಬರೀ 'ಹ್ಯಾಟರ್' ಎಂದಿದೆ, 'ಮ್ಯಾಡ್ ಹ್ಯಾಟರ್' ಅಂತ ಎಲ್ಲೂ ಇಲ್ಲ.

ಮೊಲದ ತುಪ್ಪಳವನ್ನು ಟೋಪಿಯ ಫೆಲ್ಟ್ ಮಾಡಲು ಪಾದರಸದ ಲವಣ ಬಳಸುತ್ತಿದ್ದರು. ಆ ಆವಿ ಕುಡಿದ ಕೆಲಸಗಾರರಿಗೆ ಕೈ ನಡುಗುತ್ತಿತ್ತು, ಸಿಡುಕು, ಸಂಕೋಚ ಬರುತ್ತಿತ್ತು. ಅಮೆರಿಕದ ಟೋಪಿ ಊರು ಡ್ಯಾನ್‌ಬರಿಯಲ್ಲಿ ಈ ನಡುಕಕ್ಕೆ ಊರಿನ ಹೆಸರೇ ಅಂಟಿತ್ತು. ರೋಗ ನಿಜ. ಮಾತು ಅದರಿಂದಲೇ ಹುಟ್ಟಿತು ಅನ್ನುವುದಕ್ಕೆ ಮಾತ್ರ ನೇರ ಪುರಾವೆ ಇಲ್ಲ.

'ಒನ್ಸ್ ಇನ್ ಎ ಬ್ಲೂ ಮೂನ್' ಅಂತಾರೆ, ಆದ್ರೆ ಬ್ಲೂ ಮೂನ್ ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಲ್ಲ?

ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ. ಇಡಿಯಮ್‌ನ ಅರ್ಥ 'ಅಪರೂಪಕ್ಕೆ ಒಮ್ಮೆ', ಅದು 19ನೇ ಶತಮಾನದ ಮಾತು. ಚಂದ್ರ ನಿಜವಾಗಿ ನೀಲಿ ಕಾಣುವುದೂ ಉಂಟು. 1883ರಲ್ಲಿ ಕ್ರಕಟೋವಾ ಜ್ವಾಲಾಮುಖಿ ಸಿಡಿದಾಗ ಆಕಾಶಕ್ಕೇರಿದ ಬೂದಿಯಿಂದ ಹಾಗೆ ಕಂಡಿತ್ತು.

ಒಂದೇ ತಿಂಗಳ ಎರಡನೇ ಹುಣ್ಣಿಮೆ ಅನ್ನುವ ಅರ್ಥ ಒಂದು ತಪ್ಪಿನಿಂದ ಹುಟ್ಟಿದ್ದು. ಅಮೆರಿಕದ ಮೇಯ್ನ್ ರಾಜ್ಯದ ರೈತರ ಪಂಚಾಂಗದಲ್ಲಿ, ಒಂದು ಋತುವಿಗೆ ಮೂರರ ಬದಲು ನಾಲ್ಕು ಹುಣ್ಣಿಮೆ ಬಂದರೆ ಮೂರನೆಯದಕ್ಕೆ ಬ್ಲೂ ಮೂನ್ ಎನ್ನುತ್ತಿದ್ದರು. 1946ರಲ್ಲಿ 'ಸ್ಕೈ ಅಂಡ್ ಟೆಲಿಸ್ಕೋಪ್' ಪತ್ರಿಕೆಯಲ್ಲಿ ಒಬ್ಬರು ಅದನ್ನು ತಪ್ಪಾಗಿ ಓದಿ ಬರೆದರು. ಪತ್ರಿಕೆ 1999ರಲ್ಲಿ ತಪ್ಪು ಒಪ್ಪಿಕೊಳ್ಳುವ ಹೊತ್ತಿಗೆ ಆ ಅರ್ಥ ಲೋಕವೆಲ್ಲ ಹಬ್ಬಿತ್ತು.

ಆ ಹಳೆಯ ಲೆಕ್ಕ ನಮಗೆ ಹೊಸದಲ್ಲ. 19 ವರ್ಷಕ್ಕೆ 7 ಹೆಚ್ಚಿನ ಹುಣ್ಣಿಮೆ. ನಮ್ಮ ಅಧಿಕ ಮಾಸವೂ 19 ವರ್ಷಕ್ಕೆ 7. ಅವರಲ್ಲಿ ಅದು 'ಅಪರೂಪ' ಅನ್ನುವ ಇಡಿಯಮ್ಮಿನ ಜೊತೆ ಬೆರೆತುಹೋಯಿತು. ನಾವು 'ಬರಗಾಲದಲ್ಲಿ ಅಧಿಕ ಮಾಸ' ಅಂತ ಉಣ್ಣುವ ಬಾಯಿಯ ಲೆಕ್ಕ ಹಾಕಿದೆವು.

## ಎಲ್ಲೆಲ್ಲಿಂದ ಬಂದಿವೆ?

ಬೈಬಲ್‌ನಿಂದ ಬಂದವು ತುಂಬಾ ಇವೆಯಾ? 'ಸ್ಕೇಪ್‌ಗೋಟ್' ಅಂದ್ರೆ ಬಲಿಪಶುನೇ ತಾನೆ?

ತುಂಬಾ ಇವೆ. ಬರಲಿರುವ ಕೇಡಿನ ಸೂಚನೆಗೆ ಹೇಳುವ ಗೋಡೆ ಬರಹ, ದೊಡ್ಡವರ ಒಳಗಿನ ದೌರ್ಬಲ್ಯಕ್ಕೆ ಹೇಳುವ ಮಣ್ಣಿನ ಪಾದ ಎರಡೂ ದಾನಿಯೇಲನ ಪುಸ್ತಕದವು. ಕೈ ತೊಳೆದುಕೊಳ್ಳುವುದು ಯೇಸುವಿನ ಸಾವಿನ ಹೊಣೆ ತನ್ನದಲ್ಲ ಎಂದ ರೋಮನ್ ಅಧಿಕಾರಿ ಪಿಲಾತನ ಪ್ರಸಂಗ. 'ಸ್ಕೇಪ್‌ಗೋಟ್' ಪದವನ್ನು ಕಟ್ಟಿದವನು ಬೈಬಲ್ಲನ್ನು ಇಂಗ್ಲಿಷಿಗೆ ತಂದ ವಿಲಿಯಂ ಟಿಂಡೇಲ್, 1530ರಲ್ಲಿ. ಯಾಜಕಕಾಂಡದ 16ನೇ ಅಧ್ಯಾಯದಲ್ಲಿ ಎರಡು ಹೋತಗಳು ಬರುತ್ತವೆ. ಒಂದನ್ನು ಬಲಿ ಕೊಡುತ್ತಾರೆ. ಇನ್ನೊಂದರ ತಲೆಯ ಮೇಲೆ ಜನರ ಪಾಪವನ್ನೆಲ್ಲ ಹೊರಿಸಿ ಕಾಡಿಗೆ ಅಟ್ಟುತ್ತಾರೆ. ಈ ತಪ್ಪಿಸಿಕೊಂಡ ಹೋತವೇ ಸ್ಕೇಪ್‌ಗೋಟ್. ಅಂದರೆ ಕನ್ನಡದ 'ಬಲಿಪಶು' ಸರಿಯಾಗಿ ಆ ಬಲಿಯಾದ ಮೊದಲ ಹೋತ! ಬಳಕೆಯಲ್ಲಿ ಎರಡೂ ಒಂದೇ ಕೆಲಸ ಮಾಡುತ್ತವೆ, ಹಾಗಾಗಿ ಬದಲಿಸಬೇಕಿಲ್ಲ.

'ಆ್ಯಪಲ್ ಆಫ್ ಮೈ ಐ' ನಲ್ಲಿ ಸೇಬು ಯಾಕೆ?

ತುಂಬಾ ಮುದ್ದಿನವರಿಗೆ ಹೇಳುವ ಮಾತು ಇದು. ಕಣ್ಣಿನ ನಡುವಿನ ಕರಿ ಬಿಂದುವನ್ನು ಹಿಂದೆ ಇಂಗ್ಲಿಷಿನಲ್ಲಿ 'ಆ್ಯಪಲ್' ಅನ್ನುತ್ತಿದ್ದರು, ಅದು ಗಟ್ಟಿ ಉಂಡೆ ಅಂತ ಅವರ ನಂಬಿಕೆ. 9ನೇ ಶತಮಾನದ ರಾಜ ಆಲ್ಫ್ರೆಡ್‌ನ ಕಾಲದ ಬರಹದಲ್ಲೇ ಇದಿದೆ. ಬೈಬಲ್ ಅನುವಾದದ ಮೂಲಕ ಮನೆಮಾತಾಯಿತು. ಅಲ್ಲಿ ಹೀಬ್ರೂ ಮೂಲದಲ್ಲಿ ಸೇಬಿಲ್ಲ, 'ಕಣ್ಣಿನ ಪುಟ್ಟ ಮನುಷ್ಯ' ಇದ್ದಾನೆ. ಎದುರಿನವರ ಕಣ್ಣಲ್ಲಿ ನಮ್ಮದೇ ಸಣ್ಣ ಬಿಂಬ ಕಾಣುತ್ತದಲ್ಲ, ಅದು. ಲ್ಯಾಟಿನ್ನಿನಲ್ಲಿ ಅದೇ ಜಾಗಕ್ಕೆ ಪುಟ್ಟ ಹುಡುಗಿ, ಗೊಂಬೆ ಎಂಬ ಅರ್ಥದ ಪದ. ಕನ್ನಡದ 'ಕಣ್ಣ ಪಾಪೆ'ಯಲ್ಲಿ ಪಾಪೆ ಅಂದರೂ ಗೊಂಬೆಯೇ. ಇಷ್ಟು ದೂರದ ಭಾಷೆಗಳು ಒಂದನ್ನೊಂದು ಕೇಳದೆ ಕಣ್ಣಲ್ಲಿ ಇಣುಕಿ ಒಂದೇ ಮಾತು ಹೇಳಿವೆ. ಈ ಪುಟದಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

ಕ್ರಿಕೆಟ್ಟಿನಿಂದ ಬಂದವು ಯಾವುವು?

'ಹ್ಯಾಟ್ರಿಕ್' ಎಲ್ಲರಿಗೂ ಗೊತ್ತು. 1858ರಲ್ಲಿ ಶೆಫೀಲ್ಡಿನ ಹೈಡ್ ಪಾರ್ಕ್ ಮೈದಾನದಲ್ಲಿ ಎಚ್. ಎಚ್. ಸ್ಟೀಫನ್‌ಸನ್ ಸತತ ಮೂರು ಎಸೆತಕ್ಕೆ ಮೂರು ವಿಕೆಟ್ ಕಿತ್ತ. ಜನ ಚಂದಾ ಎತ್ತಿ ಅವನಿಗೆ ಹ್ಯಾಟ್ ಕೊಡಿಸಿದರು. ಈಗ ಮೂರನೇ ಸಲ ಗೆದ್ದ ಶಾಸಕರಿಗೂ ಅದೇ ಪದ. 'ಸ್ಟಿಕಿ ವಿಕೆಟ್' ಪಿಚ್ಚಿಗೆ ಹೊದಿಕೆ ಹಾಕದ ಕಾಲದ್ದು. ನೆನೆದ ಪಿಚ್ ಬಿಸಿಲಿಗೆ ಒಣಗುವಾಗ ಚೆಂಡು ಹೇಗೆ ಪುಟಿಯುತ್ತದೋ ಹೇಳಲಾಗುತ್ತಿರಲಿಲ್ಲ, ಹಾಗಾಗಿ ಇಕ್ಕಟ್ಟಿನ ಸ್ಥಿತಿ ಅಂತ ಅರ್ಥ. ಕೂಡಲೇ ಅನ್ನುವುದಕ್ಕೆ ಹೇಳುವ 'ರೈಟ್ ಆಫ್ ದ ಬ್ಯಾಟ್' ಕ್ರಿಕೆಟ್ಟಿನದಲ್ಲ, ಅಮೆರಿಕದ ಬೇಸ್‌ಬಾಲಿನದು.

ನಮ್ಮ ದೇಶದಿಂದ ಇಂಗ್ಲಿಷಿಗೆ ಹೋದ ಮಾತು ಒಂದೂ ಇಲ್ವಾ?

ಇವೆ. ತಲೆ ಕೆಟ್ಟವರಿಗೆ ಬ್ರಿಟಿಷರು 'ಡೂಲ್ಯಾಲಿ' ಅನ್ನುತ್ತಾರೆ. ಅದು ನಾಸಿಕ್ ಬಳಿಯ ದೇವಳಾಲಿ. ಸೇವೆ ಮುಗಿಸಿದ ಬ್ರಿಟಿಷ್ ಸಿಪಾಯಿಗಳು ಊರಿಗೆ ಹೋಗುವ ಹಡಗಿಗಾಗಿ ಅಲ್ಲಿನ ಶಿಬಿರದಲ್ಲಿ ಕಾಯಬೇಕಿತ್ತು. ಹಡಗಿನ ಕಾಲ ತಪ್ಪಿದರೆ ತಿಂಗಳುಗಟ್ಟಲೆ ಕೆಲಸವಿಲ್ಲ, ಸೆಕೆ, ಹೆಂಡ, ಜ್ವರ. ಪೂರ್ತಿ ರೂಪ 'ಡೂಲ್ಯಾಲಿ ಟ್ಯಾಪ್', ಟ್ಯಾಪ್ ಅಂದರೆ ನಮ್ಮ ತಾಪ, ಜ್ವರ. ಎದುರಿಗೆ ಬಂದದ್ದನ್ನೆಲ್ಲ ತುಳಿದು ಸಾಗುವ ಶಕ್ತಿಗೆ ಹೇಳುವ 'ಜಗರ್‌ನಾಟ್' ಪುರಿಯ ಜಗನ್ನಾಥನ ರಥ.

ಕ್ಯಾರೇ ಅನ್ನುವುದಿಲ್ಲ ಎಂಬ ಅರ್ಥದ 'ಡೋಂಟ್ ಗಿವ್ ಎ ಡ್ಯಾಮ್' ಮೊಘಲರ ಕಾಲದ 'ದಾಮ್' ನಾಣ್ಯದಿಂದ ಬಂತು ಅನ್ನುವುದು 1886ರ 'ಹಾಬ್ಸನ್ ಜಾಬ್ಸನ್' ನಿಘಂಟು ಹಬ್ಬಿಸಿದ ಊಹೆ. ರೂಪಾಯಿಗೆ 40 ದಾಮ್, ಹಾಗಾಗಿ ಬಿಡಿಗಾಸು ಅಂತ ಹೊಂದಿಕೆ ಚೆನ್ನಾಗಿದೆ. ಆದರೆ ಅದು ಬರೀ ಇಂಗ್ಲಿಷ್ ಬೈಗುಳ.

## ಇನ್ನೂ ಒಳಗೆ ಹೋಗುವವರಿಗೆ

ಇಡಿಯಮ್‌ನಲ್ಲಿ ಪದ ಬದಲಾಯಿಸಿದ್ರೆ ಏನಾಗುತ್ತೆ? ಗ್ರಾಮರ್ ಸರಿ ಇದ್ರೆ ಸಾಕಲ್ವಾ?

ಸಾಲದು. 'ಹಿ ಕಿಕ್ಡ್ ದ ಬಕೆಟ್' ಅಂದರೆ ಸತ್ತ. 'ದ ಬಕೆಟ್ ವಾಸ್ ಕಿಕ್ಡ್ ಬೈ ಹಿಮ್' ಅಂದರೆ ಯಾರೋ ನಿಜವಾಗಿ ಬಕೆಟ್ ಒದ್ದರು. ಅದೇ 'ದ ಬೀನ್ಸ್ ವರ್ ಸ್ಪಿಲ್ಡ್' ಅಂದರೆ ಗುಟ್ಟು ರಟ್ಟಾದ ಅರ್ಥ ಉಳಿಯುತ್ತದೆ. ಯಾಕೆ? ಎರಡನೆಯದರಲ್ಲಿ ಬೀನ್ಸ್ ಅಂದರೆ ಗುಟ್ಟು, ಸ್ಪಿಲ್ ಅಂದರೆ ಹೊರಹಾಕು ಅಂತ ಅರ್ಥವನ್ನು ಹಂಚಬಹುದು. ಬಕೆಟ್ಟಿಗೆ ಹಾಗೆ ಬಿಡಿ ಅರ್ಥ ಇಲ್ಲ.

ಕನ್ನಡದಲ್ಲಿ ಪರೀಕ್ಷೆ ಮಾಡಿ ನೋಡಿ. 'ಕೈ ಕೊಟ್ಟ' ಅಂದರೆ ನಂಬಿಸಿ ಬಿಟ್ಟು ಹೋದ. 'ಕೈಯನ್ನು ಕೊಟ್ಟ' ಅಂದರೆ ಹಿಡಿದುಕೊಳ್ಳಲು ಕೈ ಚಾಚಿದ. ಬರೀ ಒಂದು 'ಅನ್ನು' ಸೇರಿದ್ದಕ್ಕೆ ನುಡಿಗಟ್ಟೇ ಸತ್ತುಹೋಯಿತು. 'ನನ್ನ ತಲೆಯನ್ನು ತಿನ್ನಬೇಡ' ಅಂದವನನ್ನು ನೋಡಿ ನಗು ಬರುವುದೂ ಇದಕ್ಕೇ.

ಒಂದು ಮೂಲದ ಕಥೆ ನಿಜವೋ ಕಟ್ಟಿದ್ದೋ ಅಂತ ನಾನೇ ಹೇಗೆ ಪರೀಕ್ಷೆ ಮಾಡಲಿ?

ಮೊದಲು ತಾರೀಖು ಕೇಳಿ. ಕಥೆ ಯಾವ ಕಾಲದ್ದು, ಮಾತು ಮೊದಲು ಬರಹದಲ್ಲಿ ಕಂಡದ್ದು ಯಾವಾಗ? ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಇರುವುದೇ ಇದಕ್ಕೆ. 1884ರಲ್ಲಿ ಮೊದಲ ಕಂತು ಬಂತು, 1928ರಲ್ಲಿ ಕೆಲಸ ಮುಗಿಯಿತು. ಪ್ರತಿ ಅರ್ಥಕ್ಕೂ ಹಳೆಯ ಬಳಕೆಯನ್ನು ಇಸವಿ ಸಮೇತ ಕೊಡುತ್ತದೆ. ಕಥೆಗೂ ಮೊದಲ ಬಳಕೆಗೂ ನೂರಾರು ವರ್ಷದ ಅಂತರ ಇದ್ದರೆ ಅನುಮಾನ ಪಡಿ.

ಎರಡನೆಯದು, ಅಕ್ಷರ ಬಿಡಿಸಿ ಹೇಳುವ ಕಥೆಗಳನ್ನು ನಂಬಬೇಡಿ. ಭಾರತಕ್ಕೆ ಬರುವ ಹಡಗಿನಲ್ಲಿ ಹೋಗುವಾಗ ಎಡಗಡೆ, ವಾಪಸ್ಸು ಬರುವಾಗ ಬಲಗಡೆ ತಂಪು ಕೋಣೆ ಪಡೆದ ಸಾಹುಕಾರರ ಟಿಕೆಟ್ಟಿನ 'ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್' ಎಂಬುದರ ನಾಲ್ಕು ಮೊದಲಕ್ಷರ ಸೇರಿ, ಶ್ರೀಮಂತ ಗತ್ತಿಗೆ ಹೇಳುವ 'ಪಾಶ್' ಆಯಿತಂತೆ. ಅಂಥ ಒಂದು ಟಿಕೆಟ್ಟೂ ಸಿಕ್ಕಿಲ್ಲ. ಮೊದಲಕ್ಷರ ಕೂಡಿಸಿ ಪದ ಮಾಡುವ ಚಟ ಜೋರಾದದ್ದೇ 20ನೇ ಶತಮಾನದಲ್ಲಿ.

ಒಳ್ಳೆಯ ಮೂಲ ಹೇಗಿರುತ್ತದೆ ಅನ್ನುವುದಕ್ಕೆ, ದಾರಿ ತಪ್ಪಿಸುವ ಸಂಗತಿಗೆ ಹೇಳುವ 'ರೆಡ್ ಹೆರಿಂಗ್' ನೋಡಿ. ಹೊಗೆ ಹಾಕಿ ಉಪ್ಪುಹಚ್ಚಿ ಕೆಂಪಗಾದ ಮೀನು ಅದು. 1807ರಲ್ಲಿ ವಿಲಿಯಂ ಕಾಬೆಟ್ ಎಂಬ ಪತ್ರಕರ್ತ ತನ್ನ ಪತ್ರಿಕೆಯಲ್ಲಿ, ಹುಡುಗನಾಗಿದ್ದಾಗ ಇದನ್ನು ಎಳೆದಾಡಿ ಬೇಟೆನಾಯಿಗಳ ದಾರಿ ತಪ್ಪಿಸುತ್ತಿದ್ದೆ ಅಂತ ಬರೆದ. ನೆಪೋಲಿಯನ್ ಸೋತ ಎಂಬ ಸುಳ್ಳು ಸುದ್ದಿಯ ಹಿಂದೆ ಓಡಿದ ಪತ್ರಿಕೆಗಳನ್ನು ಚುಚ್ಚುವುದಕ್ಕೆ ಈ ಹೋಲಿಕೆ. ಬರೆದವರಾರು, ಯಾವಾಗ, ಯಾಕೆ, ಎಲ್ಲ ಕೈಗೆ ಸಿಗುತ್ತದೆ. ಬೇಟೆಗಾರರು ನಿಜವಾಗಿ ಹಾಗೆ ಮಾಡುತ್ತಿದ್ದರೇ ಅನ್ನುವುದು ಇಲ್ಲಿ ಮುಖ್ಯವೇ ಅಲ್ಲ.

ಅನುವಾದ ಮಾಡುವಾಗ ಇಂಗ್ಲಿಷ್ ಇಡಿಯಮ್ಮನ್ನು ಹಾಗೇ ಕನ್ನಡಕ್ಕೆ ತರಬಹುದಾ?

ಕೆಲವು ಬಂದು ನೆಲೆಸಿವೆ. 'ತೂಗುಗತ್ತಿ' ನಮ್ಮದೇ ಅನ್ನಿಸುತ್ತದೆ, ಆದರೆ ಅದು ಸಿರಾಕ್ಯೂಸಿನ ದೊರೆ ಡಯೊನಿಸಿಯಸ್ ತನ್ನ ಹೊಗಳುಭಟ್ಟ ಡಾಮೊಕ್ಲಿಸ್‌ನ ತಲೆಯ ಮೇಲೆ ಕುದುರೆ ಕೂದಲಿಗೆ ಕಟ್ಟಿ ಇಳಿಬಿಟ್ಟ ಕತ್ತಿ. ರೋಮಿನ ಸಿಸೆರೊ ಬರೆದಿಟ್ಟ ಕಥೆ. ಚಿತ್ರ ಕಣ್ಣಿಗೆ ಕಟ್ಟುವುದರಿಂದ ಕನ್ನಡದಲ್ಲಿ ಚೆನ್ನಾಗಿ ಕೂತಿತು.

ಇಂಗ್ಲಿಷೂ ಹೀಗೆ ಸಾಲ ಮಾಡಿದೆ. ಸ್ನಾನದ ನೀರಿನ ಜೊತೆ ಮಗುವನ್ನೂ ಚೆಲ್ಲುವ ಮಾತು ಮೂಲದಲ್ಲಿ ಜರ್ಮನ್, 1512ರಲ್ಲಿ ಥಾಮಸ್ ಮುರ್ನರ್ ಬರೆದದ್ದು. ಅದನ್ನು ಇಂಗ್ಲಿಷಿಗೆ ತಂದವನು 19ನೇ ಶತಮಾನದ ಥಾಮಸ್ ಕಾರ್ಲೈಲ್. ಇದನ್ನು ಕನ್ನಡಕ್ಕೆ ಮಾಡುವಾಗ ಮಗು, ನೀರು ಎರಡನ್ನೂ ಹೊತ್ತು ತರುವುದೇಕೆ? 'ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ' ಅನ್ನಿ, ಓದುವವರಿಗೆ ಒಂದೇ ಏಟಿಗೆ ಮುಟ್ಟುತ್ತದೆ. 'ಬಿಟ್ವೀನ್ ದ ಡೆವಿಲ್ ಅಂಡ್ ದ ಡೀಪ್ ಸೀ'ಗೆ 'ಅತ್ತ ದರಿ ಇತ್ತ ಪುಲಿ' ತಯಾರಾಗಿಯೇ ಇದೆ. ಕಥೆಯಲ್ಲಿ ಲಂಡನ್ನಿನ ಪಾತ್ರ ಮಾತಾಡುತ್ತಿದ್ದರೆ ಮಾತ್ರ ಕೊಂಚ ಯೋಚಿಸಿ, ಅವನ ಬಾಯಲ್ಲಿ ಅಧಿಕ ಮಾಸ ಬಂದರೆ ಎಡವಟ್ಟಾಗುತ್ತದೆ. ಕರಾರು ಪತ್ರ, ಕೋರ್ಟಿನ ಕಾಗದ, ಔಷಧಿ ಚೀಟಿಯಂಥವುಗಳಲ್ಲಿ ಎರಡು ಭಾಷೆಯ ನುಡಿಗಟ್ಟನ್ನೂ ಬಿಟ್ಟು ಅರ್ಥವನ್ನಷ್ಟೇ ನೇರವಾಗಿ ಬರೆಯಿರಿ.